ಮೈಕಿನಲ್ಲಿ ಬೈಗುಳ

ಕಾರಿನ ನೆಗ್ಗು ತೆಗೆಯುವ ಟಿಂಕರಿಂಗ್ ಕೆಲಸದ ತಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಅಕ್ಕನ ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಶುರುವಾಗಬೇಕಿತ್ತು. ಮುಖಕ್ಕೆ ಪ್ಲಾಸ್ಟಿಕ್ ಬಲೆಯ ಮುಖವಾಡ ಹಾಕಿ ಮೇಜಿಗೆ ಬಿಗಿದು ಟೆಕ್ನಿಷಿಯನ್ ಆಚೆ ಹೋದರೆ ಸಾಕು, ಅಕ್ಕ ಕೈಕಾಲು ಬಡಿಯುತ್ತಿದ್ದಳು. ಮೊನ್ನೆಯೂ ಅದೇ, ನಿನ್ನೆಯೂ ಅದೇ. "ಇವತ್ತೂ ಆಗದಿದ್ರೆ ಮನೆಗೆ ಹೋಗೋಣ, ನನಗೆ ಬೇಡ" ಅಂದಿದ್ದಳು. ಬೇಡ ಅಂದರೆ ಏನರ್ಥ ಅಂತ ಡಾಕ್ಟರು ತಮ್ಮನಿಗೆ ಬಿಡಿಸಿ ಹೇಳಿದ್ದರು.

ಹೇಳಿ ಇಬ್ಬರನ್ನೂ ಕೌನ್ಸೆಲಿಂಗ್ ಮೇಡಂ ಹತ್ತಿರ ಕಳಿಸಿದರು. ಅವನ ಪಿತ್ತ ನೆತ್ತಿಗೇರಿತು.

"ಗೆಡ್ಡೆ ಇರೋದು ಗಂಟಲಲ್ಲಿ ಮೇಡಂ, ತಲೇಲಲ್ಲ. ನಮ್ಮಕ್ಕನಿಗೇನು ಹುಚ್ಚಾ? ನಾನೇ ಹೋಗಿ ಭುಜ ಒತ್ತಿ ಹಿಡ್ಕೋತೀನಿ, ಮುಗೀತು."

"ನಾನೇನು ನಜ್ಜುಗುಜ್ಜಾದ ಬಾನೆಟ್ಟೇನೋ, ಒತ್ತಿ ನೆಟ್ಟಗೆ ಮಾಡೋಕೆ?" ಅಂದಳು ಅಕ್ಕ, ಒಡೆದ ದನಿಯಲ್ಲಿ.

ಮೇಡಂ ಅವನ ಗೋಜಿಗೆ ಹೋಗಲಿಲ್ಲ. ಅಕ್ಕನನ್ನು ಕೇಳಿದರು: "ಹೆದರಿಕೆ ಶುರುವಾಗೋದು ಯಾವಾಗಮ್ಮ? ಮುಖವಾಡ ಹಾಕಿದಾಗಲೇನಾ?"

ಎಲ್ಲರೂ ಧೈರ್ಯ ತಂದ್ಕೋ ಅಂದಿದ್ದರೇ ಹೊರತು ಇದನ್ನು ಯಾರೂ ಕೇಳಿರಲಿಲ್ಲ. ತಮ್ಮನೂ ಕೇಳಿರಲಿಲ್ಲ.

"ಅದನ್ನ ತಡ್ಕೋತೀನಿ. ಆಮೇಲೆ ಎಲ್ಲರೂ ಹೊರಗೆ ಓಡ್ತಾರಲ್ಲ, ಆ ದಪ್ಪ ಬಾಗಿಲು ಮುಚ್ಕೊಳ್ಳುತ್ತಲ್ಲ, ಆಗ ಸತ್ತೇ ಹೋದೆ ಅನ್ಸುತ್ತೆ. ಮನುಷ್ಯರ ಸದ್ದೇ ಇಲ್ಲ."

"ಯಾರ ಸದ್ದಿದ್ರೆ ಚೆನ್ನ?"

ಅಕ್ಕ ತಮ್ಮನ ಕಡೆ ಗಲ್ಲ ಎತ್ತಿದಳು. "ಇವನದ್ದೇ. ಪಕ್ಕದ ರೂಮಲ್ಲಿ ಇವನು ಕೂಗಾಡ್ತಿದ್ರೇನೇ ನನಗೆ ನಿದ್ದೆ ಬರೋದು."

ಮೇಡಂ ಹೋಗಿ ಟೆಕ್ನಿಷಿಯನ್ ಹತ್ತಿರ ಮಾತಾಡಿ ಬಂದು, ತಮ್ಮನನ್ನು ಕಂಟ್ರೋಲ್ ರೂಮಿನಲ್ಲಿ, ಒಳಗೆ ಕೇಳಿಸುವ ಮೈಕಿನ ಮುಂದೆ ಕೂರಿಸಿದರು. ಬಾಗಿಲು ಮುಚ್ಚಿತು. ಪರದೆಯ ಮೇಲೆ ಅಕ್ಕ, ಬಿಗಿದ ಮುಷ್ಟಿ. ಊರಿಗೆಲ್ಲ ಬೈಯುವವನು ಮೈಕನ್ನು ಅತ್ತ ಇತ್ತ ತಿರುಗಿಸುತ್ತ ಕೂತ.

"ಮಾತಾಡಿ ಸಾರ್. ನಗಿಸಬೇಡಿ ಮಾತ್ರ, ಅಲ್ಲಾಡಿದ್ರೆ ಕೆಟ್ಟಿತು" ಅಂದ ಟೆಕ್ನಿಷಿಯನ್.

"ಅಕ್ಕಾ..." ಅಂದ. ಅವಳ ಮುಷ್ಟಿ ಇನ್ನೂ ಬಿಗಿಯಾಯಿತು. ಕಂಡದ್ದೇ ಅವನಿಗೆ ರೇಗಿತು, ಯಾರ ಮೇಲೆ ಅಂತ ಅವನಿಗೇ ತಿಳಿಯಲಿಲ್ಲ. "ನನ್ನ ಸೈಕಲ್ ಚಕ್ರ ಬಗ್ಗಿಸಿ ಅಮ್ಮನ ಹತ್ರ ನನ್ನ ಹೆಸರು ಹೇಳಿದ್ಯಲ್ಲ, ಮರೆತಿದೀನಿ ಅನ್ಕೊಂಡ್ಯಾ? ಇಸ್ತ್ರಿ ಮಾಡ್ತೀನಂತ ನನ್ನ ಹೊಸ ಶರ್ಟು ಸುಟ್ಟಿದ್ಯಾರು?"

ಶುರುವಾದದ್ದು ನಿಲ್ಲಲಿಲ್ಲ. ನಡುವೆ ಅವಳ ಮುಷ್ಟಿ ಬೆರಳು ಬೆರಳಾಗಿ ಬಿಚ್ಚಿಕೊಂಡಿತು. ಅವನು ಇನ್ನೂ ಜೋರಾಗಿ ಬೈದ.

ಟೆಕ್ನಿಷಿಯನ್ ಭುಜ ತಟ್ಟಿದ. "ಆಗ್ಲೇ ಮುಗೀತು ಸಾರ್."

ಕೆನ್ನೆಯ ಮೇಲೆ ಬಲೆಯ ಅಚ್ಚು ಹೊತ್ತು ಅಕ್ಕ ಹೊರಬಂದಳು.

"ಚಕ್ರ ಬಗ್ಗಿಸಿದ್ದು ನೀನೇ ಕಣೋ. ಹೇಳೋಣ ಅಂದ್ರೆ ನನ್ನ ಬಾಯಿ ಕಟ್ಟಿಹಾಕಿದ್ರು." ಚಪ್ಪಲಿ ಮೆಟ್ಟಿಕೊಂಡಳು. "ಶರ್ಟಿನ ಮಾತು ನಿಜ. ನಾಳೆಗೆ ಬೇರೆ ಏನಾದ್ರೂ ಹುಡುಕಿಟ್ಕೋ."