ಜಗಲಿಯ ಮೇಲಿನ ಕಲ್ಲು

ಸುಗಲಾಬಾಯಿ ದೇವರ ಅರಿಶಿನವಾದ ಭಂಡಾರ ಹಚ್ಚಿದ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಮೊಮ್ಮಗಳು ಕಿರುಚಿದಳು.

"ಆಯಿ, ಅದು ದೇವರಲ್ಲ! ನಮ್ಮ ಸಾಲಿ ಕಲ್ಲದು!"

ದೇವರ ಜಗಲಿಯ ಮೇಲೆ, ಮನೆದೇವರಾದ ಬೀರೋಬನ ಬೆಳ್ಳಿಯ ಮುಖದ ಪಕ್ಕದಲ್ಲಿ, ಮುಷ್ಟಿಗಾತ್ರದ ಕರಿಯ ದುಂಡುಗಲ್ಲು ಕುಳಿತಿತ್ತು. ಅದರ ನೆತ್ತಿ ಹಳದಿಯಾಗಿತ್ತು. ಮುಂದೆ ಬೆಲ್ಲದ ಚೂರೊಂದು ಇತ್ತು. ಇರುವೆಗಳು ಆಗಲೇ ಸಾಲುಗಟ್ಟಿದ್ದವು.

"ಜಗಲಿ ಮ್ಯಾಲ ಇಟ್ಟಿದ್ದು ದೇವರಲ್ಲಂದ್ರ ಮತ್ತೇನು, ಮಸಾಲಿ ಅರಿಯೂ ಕಲ್ಲೇನು?" ಎಂದಳು ಸುಗಲಾಬಾಯಿ. "ಇಟ್ಟಾಕಿ ಯಾರು? ನೀನೇ ಅಲ್ಲೇನು?"

ಇಟ್ಟವಳು ದೀಪಾಲಿಯೇ. ಸೋಲಾಪುರದಲ್ಲಿ ಸಿಸ್ಟರುಗಳು ನಡೆಸುವ ಶಾಲೆಯಲ್ಲಿ ಅವಳು ನಾಲ್ಕನೆಯ ಇಯತ್ತೆ ಓದುತ್ತಿದ್ದಳು. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು ಶುರುವಾದಾಗ ಸಿಸ್ಟರ್ ಸೆಲಿನ್ ಎಲ್ಲ ಮಕ್ಕಳಿಗೂ ಒಂದೊಂದು ಕಲ್ಲು ಕೊಟ್ಟಿದ್ದರು. ಯಾರ ಮೇಲೆ ಸಿಟ್ಟಿದೆಯೋ ಅವರೊಂದಿಗೆ ರಾಜಿಯಾಗುವವರೆಗೆ ಕಲ್ಲನ್ನು ಚೀಲದಲ್ಲಿ ಹೊತ್ತು ತಿರುಗಬೇಕು. ರಾಜಿಯಾದ ದಿನ ತರಗತಿಯ ಮೂಲೆಯಲ್ಲಿಟ್ಟ ನೀರು ತುಂಬಿದ ತಗಡಿನ ಬುಟ್ಟಿಯಲ್ಲಿ ಬಿಡಬೇಕು. ಪೆನ್ಸಿಲಿಗೆ, ಬೆಂಚಿನ ಜಾಗಕ್ಕೆ ಜಗಳವಾಡಿದ್ದ ಮಕ್ಕಳ ಕಲ್ಲುಗಳು ಬೇಗ ಬೇಗ ಮುಳುಗಿದವು. ದೀಪಾಲಿಯದು ಉಳಿಯಿತು. ಅವಳ ಸಿಟ್ಟು ತಡವಳದ ದೊಡ್ಡಪ್ಪನ ಮಗಳು ರೂಪಾಲಿಯ ಮೇಲೆ. ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕರೂ ಆಕೆ ಮುಖ ತಿರುಗಿಸಿದ್ದಳು. ದೊಡ್ಡವರ ಜಗಳದಿಂದಾಗಿ ತಡವಳಕ್ಕೆ ಹೋಗುವ ದಾರಿಯಂತೂ ದೀಪಾಲಿಗಿರಲಿಲ್ಲ. ಚೀಲ ಭಾರವಾಗುತ್ತದೆಂದು, ಬೇರೆಲ್ಲಿಟ್ಟರೂ ಅವ್ವ ಹೊರಗೆ ಎಸೆಯುತ್ತಾಳೆಂದು, ಯಾರೂ ಕೈ ಹಚ್ಚದ ಜಾಗ ಹುಡುಕಿ ಇಟ್ಟಿದ್ದಳು.

ಗದ್ದಲಕ್ಕೆ ದೀಪಾಲಿಯ ಅಪ್ಪ ಅಮೋಗಸಿದ್ಧ ಎದ್ದು ಬಂದ. ವಾರವಿಡೀ ಚಾದರ ಅಂಗಡಿಯ ಟೆಂಪೊ ಓಡಿಸಿ, ರವಿವಾರ ಒಂದು ದಿನ ಕುಂಭಾರಿಯ ತನ್ನ ಮನೆಯಲ್ಲಿ ಹೊತ್ತೇರುವವರೆಗೆ ಮಲಗುವ ಮನುಷ್ಯ.

"ಏನ ನಡದದ? ಕಲ್ಲ ಹೊರೂದ ಕಲಸಾಕ ಫೀ ತಗೋತಾರೇನು ನಿಮ್ಮ ಸಾಲ್ಯಾಗ?" ಎಂದು ಜಗಲಿಗೆ ಕೈ ಚಾಚಿದ. "ತಾ, ಹೊರಗ ಒಗದು ಬರ್ತೀನಿ."

"ಕೈ ಹಿಂದಕ್ಕ ತಗೋ!" ತಾಯಿಯ ದನಿ ಏರಲಿಲ್ಲ, ಆದರೆ ಅವನ ಕೈ ನಿಂತಿತು. "ಭಂಡಾರ ಹತ್ತೇದ. ಇನ್ನ ಅದು ಮನಿ ದೇವರು. ಮನಿ ದೇವರನ್ನ ನೀರಿಗಿ ಬಿಡಬೇಕಂದ್ರ ಒಬ್ಬನ ಕೈಲಿಂದ ಆಗೂದಿಲ್ಲ. ಅಣ್ಣತಮ್ಮರು ಕೂಡಿ ಬಿಡಬೇಕು. ನಿಮ್ಮಪ್ಪ ಇದ್ದಾಗ ನೋಡಿಲ್ಲೇನು?"

ಅಮೋಗಸಿದ್ಧ ನೋಡಿದ್ದ. ಒಡೆದ ದೇವರನ್ನಾಗಲಿ, ಬೇಡವಾದ ದೇವರನ್ನಾಗಲಿ, ಪಾಲುದಾರರೆಲ್ಲ ಒಟ್ಟಿಗೆ ಅಂಗೈಯಲ್ಲಿ ಹಿಡಿದು ಹರಿಯುವ ನೀರಿಗೆ ಇಳಿಸುವುದು ಅವರ ಮನೆತನದ ಪದ್ಧತಿ. ಆದರೆ ಪಾಲುದಾರನಾದ ಅಣ್ಣ ಖಂಡಪ್ಪ ತಡವಳದಲ್ಲಿದ್ದ. ಬೀರೋಬನ ಹೆಸರಿನಲ್ಲಿ ಬಿಟ್ಟಿದ್ದ ಟಗರನ್ನು ಅವನು ತಮ್ಮನನ್ನು ಕೇಳದೆ ಮಾರಿದ್ದ. ಆ ದಿನ ಅಮೋಗಸಿದ್ಧ ಭಂಡಾರ ಎತ್ತಿ ಆಣೆ ಮಾಡಿದ್ದ: ಅಣ್ಣನ ಮನೆಯ ನೀರು ಕುಡಿಯುವುದಿಲ್ಲ. ಅಂದಿನಿಂದ ಸುಗಲಾಬಾಯಿ ಹಿರಿಯ ಮಗನ ಮನೆಗೆ ಹೋದರೆ ಕಿರಿಯನಿಗೆ ನೋವು, ಹೋಗದಿದ್ದರೆ ತನಗೆ ನೋವು ಎಂದು ಎರಡೂ ನೋವನ್ನು ಹೊತ್ತು ಕುಂಭಾರಿಯಲ್ಲೇ ಕುಳಿತಿದ್ದಳು.

"ನೀ ಬೇಕಂತ ಹಚ್ಚೀದಿ, ಅವ್ವಾ," ಎಂದ ಅಮೋಗಸಿದ್ಧ.

"ಕಣ್ಣ ಮಂಜಾಗ್ಯಾವ. ದುಂಡಗಿತ್ತು, ಹಚ್ಚಿದೆ."

"ಅಪ್ಪಾ, ನಾಳಿ ಸಿಸ್ಟರ್ ಕೇಳ್ತಾರ," ಎಂದಳು ದೀಪಾಲಿ. "ನಂದೊಂದೇ ಉಳದದ."

ಅವನು ಹೊಸ್ತಿಲ ಮೇಲೆ ಕುಳಿತ. ಕೊನೆಗೆ ಮೊಬೈಲು ತೆಗೆದು ಮಗಳ ಕೈಗೆ ಕೊಟ್ಟ. "ದೊಡ್ಡಪ್ಪನ ಕೂಡ ನೀನೇ ಮಾತಾಡು. ಹಳ್ಳಕ್ಕ ಬಾ ಅನ್ನು. ಮನಿಗಿ ನಾ ಬರೂದಿಲ್ಲ."

ಮಧ್ಯಾಹ್ನದ ಬಿಸಿಲಿನಲ್ಲಿ ಮೂವರೂ ಮೋಟಾರುಸೈಕಲ್ಲಿನ ಮೇಲೆ ತಡವಳ ಸೇರಿದರು. ಕಲ್ಲು ಸುಗಲಾಬಾಯಿಯ ಮಡಿಲಲ್ಲಿತ್ತು. ಖಂಡಪ್ಪ ಹಳ್ಳದ ದಂಡೆಯಲ್ಲಿ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಅವನ ಬೆನ್ನ ಹಿಂದೆ ರೂಪಾಲಿ ಇಣುಕುತ್ತಿದ್ದಳು.

"ಸೊರಗೀದಿ," ಎಂದ ಖಂಡಪ್ಪ ತಮ್ಮನಿಗೆ.

"ನೀನೂ."

ಹಳ್ಳದಲ್ಲಿ ಮೊಣಕಾಲಿಗೂ ನೀರಿರಲಿಲ್ಲ. ಅಣ್ಣನ ಅಂಗೈಗಳ ಕೆಳಗೆ ಅಮೋಗಸಿದ್ಧ ತನ್ನ ಅಂಗೈಗಳನ್ನು ಒಡ್ಡಿದ. ಸುಗಲಾಬಾಯಿ ಕಲ್ಲನ್ನಿಟ್ಟು, ಇಬ್ಬರ ಕೈ ತುಂಬ ಭಂಡಾರ ಸುರಿದಳು. ಅವರು ಬಾಗಿದರು. ಕಲ್ಲು ಸದ್ದಿಲ್ಲದೆ ಹೋಯಿತು. ಹಳದಿ ಮಾತ್ರ ಸ್ವಲ್ಪ ದೂರ ಹರಿದು ಕರಗಿತು; ಕೈಗಳಿಗೆ ಹತ್ತಿದ್ದು ಹೋಗಲಿಲ್ಲ.

"ಸಾಲಿ ಬುಟ್ಟ್ಯಾಗ ಬಿಡೂದಿತ್ತು," ಎಂದು ದೀಪಾಲಿ ಗೊಣಗಿದಳು.

"ನಿಮ್ಮ ಸಾಲ್ಯಾಗ ಕಲ್ಲಿಗೂ ಈಸಾಕ ಕಲಸ್ತಾರೇನು?" ಎಂದು ರೂಪಾಲಿ ಅಣಕಿಸಿದಳು. ದೀಪಾಲಿ ಅವಳ ಮೇಲೆ ನೀರು ಚಿಮ್ಮಿಸಿದಳು. ಇಬ್ಬರೂ ಊರಿನ ಕಡೆ ಓಡಿದರು.

"ಚಾ ಕುಡದು ಹೋಗು," ಎಂದ ಖಂಡಪ್ಪ, ನೀರನ್ನೇ ನೋಡುತ್ತ.

"ಆಣಿ ಅದ, ಅಣ್ಣಾ."

"ಆಣಿ ನೀರಿಂದದ. ನೆಳ್ಳಾಗ ಕೂಡೂದಕ್ಕೇನಿಲ್ಲ," ಎಂದಳು ಸುಗಲಾಬಾಯಿ. "ನನಗ ನಡ್ಯಾಕಾಗವಲ್ದು. ಕೈ ಹಿಡಿ."

ಒಂದೊಂದು ಕೈಯನ್ನು ಒಬ್ಬೊಬ್ಬ ಹಿಡಿದ. ಅವಳು ಎಷ್ಟು ಹಗುರಾಗಿದ್ದಾಳೆಂಬುದು ಇಬ್ಬರಿಗೂ ತಿಳಿಯಿತು.

ಅಮೋಗಸಿದ್ಧ ಮನೆಯೊಳಗೆ ಹೋಗಲಿಲ್ಲ. ಅಂಗಳದ ಬೇವಿನ ಕೆಳಗೆ ಕುಳಿತ. ಖಂಡಪ್ಪನ ಹೆಂಡತಿ ಲಕ್ಷ್ಮೀಬಾಯಿ, ಬಂದವರಿಗೆ ಕೊಡುವ ರೂಢಿಯಂತೆ, ಹಿತ್ತಾಳೆಯ ತಂಬಿಗೆ ತುಂಬ ನೀರು ತಂದು ಅವನೆದುರು ಇಟ್ಟಳು. ಇಟ್ಟ ಮೇಲೆ ಆಣೆಯ ನೆನಪಾಗಿ ನಾಲಿಗೆ ಕಚ್ಚಿಕೊಂಡಳು.

"ಇರಲಿ ವೈನಿ," ಎಂದ ಅವನು. "ಇರಲಿ ಬಿಡ್ರಿ."

ಒಳಗೆ ಸುಗಲಾಬಾಯಿ ಹಿರಿಯ ಮಗನ ಮನೆಯ ರೊಟ್ಟಿ ಮುರಿದು ನಿಧಾನವಾಗಿ ಉಂಡಳು. ಹೊತ್ತು ಇಳಿಯಿತು. ಮರುದಿನ ಬೆಳಗಿನ ಶಾಲೆಯ ನೆನಪು ಮಾಡಿ ಅಮೋಗಸಿದ್ಧ ಗಾಡಿ ಶುರುಮಾಡಿದ. ದೀಪಾಲಿ ಮುಂದೆ, ಮುದುಕಿ ಹಿಂದೆ ಕುಳಿತರು. ಮಬ್ಬು ಬೆಳಕಿನಲ್ಲಿ ಅವರು ತಿರುವು ದಾಟುವವರೆಗೆ ಖಂಡಪ್ಪ ದಾರಿಯಲ್ಲೇ ನಿಂತಿದ್ದ.

ಲಕ್ಷ್ಮೀಬಾಯಿ ಬೇವಿನ ಬುಡಕ್ಕೆ ಬಂದಳು. ತಂಬಿಗೆಯ ನೀರು ಕಂಠದವರೆಗೆ ತುಂಬಿತ್ತು. ಆದರೆ ಅದರ ಹೊಟ್ಟೆಯ ಮೇಲೆ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು, ಹಳದಿಯಾಗಿ ಅಚ್ಚೊತ್ತಿದ್ದವು. ಆಕೆ ನೀರನ್ನು ಚೆಲ್ಲಲಿಲ್ಲ. ಗುರುತುಗಳು ಅಳಿಸದಂತೆ ತಂಬಿಗೆಯ ಕೊರಳು ಹಿಡಿದು ಎತ್ತಿ ಒಳಗೊಯ್ದಳು. ಅದರ ಮೇಲೊಂದು ತಾಟು ಮುಚ್ಚಿ ಇಟ್ಟಳು.