ಚಮಚದ ಹಿಡಿ

ಬೆಳಗಾದರೆ ಸಾಕು, ನನ್ನ ಗಂಡ ಕನ್ನಡಿಯ ಮುಂದೆ ನಿಂತು ಚಮಚದ ಹಿಡಿಯಿಂದ ಮುಂದಿನ ಹಲ್ಲನ್ನು ತಟ್ಟುತ್ತಿದ್ದರು. ಪಕ್ಕದ್ದನ್ನು ತಟ್ಟುವುದು, ಮತ್ತೆ ಇದನ್ನು. ಅಡುಗೆಮನೆಯಲ್ಲಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪಿಂಗಾಣಿ ಕಾರ್ಖಾನೆಯಲ್ಲಿ ಇವರದು ತಟ್ಟುವ ಕೆಲಸವೇ. ಸುಡುವ ಗೂಡಿನಿಂದ ಬಂದ ಬಟ್ಟಲುಗಳನ್ನು ಸಣ್ಣ ಕೋಲಿನಿಂದ ತಟ್ಟಿ, ಸದ್ದು ಕೇಳಿಯೇ ಬಿರುಕು ಹಿಡಿಯುತ್ತಾರೆ. ಕಳೆದ ವರ್ಷ ಆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ದಂತವೈದ್ಯೆ ಒಸಡು ಬಿಡಿಸಿ, ಬೇರಿನ ತುದಿ ಕತ್ತರಿಸಿ ಹೊಲಿಗೆ ಹಾಕಿದ್ದರು. “ಅಲ್ಲಿ ಮೂಳೆ ತುಂಬಿಕೊಳ್ಳೋಕೆ ಟೈಮ್ ಬೇಕು. ತುಂಬದಿದ್ರೆ ಹಲ್ಲು ಕೀಳಬೇಕಾಗುತ್ತೆ” ಅಂದಿದ್ದರು. ಅಂದಿನಿಂದ ಇವರಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು.

“ಸದ್ದು ಮಂಕಾಗಿದೆ ಕಣೇ. ತಟ್ಟಿದ್ರೆ ನೋವೂ ಇದೆ.”

“ಹಲ್ಲೇನು ನಿಮ್ಮ ಕಾರ್ಖಾನೆ ಮಾಲಾ? ಸುಮ್ನೆ ಇರಿ.”

ಹೀಗಂದರೂ ಭಯ ನನಗೂ ಇತ್ತು. ಗಟ್ಟಿಯಾದುದನ್ನೆಲ್ಲ ಸಣ್ಣಗೆ ಹೆಚ್ಚಿಯೇ ತಟ್ಟೆಗೆ ಹಾಕುತ್ತಿದ್ದೆ.

ವರ್ಷದ ತಪಾಸಣೆಗೆ ಹೋದೆವು. ಎಕ್ಸ್‌ರೇ ತೆಗೆದ ಮೇಲೆ ವೈದ್ಯೆ ತಮ್ಮ ಪುಟ್ಟ ಕನ್ನಡಿಯ ಹಿಡಿಯಿಂದ ಹಲ್ಲು ತಟ್ಟಿದರು. ಇವರು ಕುರ್ಚಿಯಲ್ಲೇ ಹಾರಿಬಿದ್ದರು. ವೈದ್ಯೆ ಹುಬ್ಬು ಗಂಟಿಕ್ಕಿದರು. ನಾನು ಕುರ್ಚಿಯ ಹತ್ತಿರಕ್ಕೆ ಸರಿದೆ.

ಪರದೆಯ ಮೇಲೆ ಹಳೆಯ ಚಿತ್ರ, ಹೊಸ ಚಿತ್ರ ಅಕ್ಕಪಕ್ಕ ಬಂದವು. “ಆಗ ಇಲ್ಲಿ ಬಟಾಣಿಯಷ್ಟು ಕಪ್ಪಗಿತ್ತು, ನೋಡಿ. ಈಗ ಪೂರ್ತಿ ಮೂಳೆ ತುಂಬಿದೆ. ಮತ್ತೆ ನೋವು ಯಾಕೆ?”

ಇವರು ಚಾವಣಿ ನೋಡತೊಡಗಿದರು. ನಾನು ಬಿಡಲಿಲ್ಲ. “ದಿನಾ ಚಮಚದಲ್ಲಿ ಬಡೀತಾರೆ ಡಾಕ್ಟ್ರೇ!”

“ನೀವೂ ತಟ್ಟೇ ತಾನೇ ನೋಡೋದು?” ಎಂದರು ಇವರು, ಮಲಗಿದ್ದಲ್ಲಿಂದಲೇ.

“ನಾನು ಯಾವಾಗಲೋ ಒಂದ್ಸಲ ತಟ್ತೀನಿ!” ವೈದ್ಯೆಗೆ ನಗು ತಡೆಯಲಾಗಲಿಲ್ಲ. “ದಿನಾ ಏಟು ತಿಂದ್ರೆ ಯಾವ ಹಲ್ಲಾದ್ರೂ ನೋಯುತ್ತೆ. ಅದನ್ನ ಅದರ ಪಾಡಿಗೆ ಬಿಡಿ. ನೋವು ಹೋದ್ಮೇಲೆ ಧಾರಾಳವಾಗಿ ಕಚ್ಚಿ ತಿನ್ನಿ.”

ಮನೆಗೆ ಬಂದವಳೇ ಚಮಚಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಜಡಿದೆ. ಕೆಲವೇ ವಾರಗಳಲ್ಲಿ ನೋವು ಮಾಯವಾಯಿತು. ಆದರೂ ಇವರು ಆ ಹಲ್ಲಿನಿಂದ ಏನನ್ನೂ ಕಚ್ಚಲಿಲ್ಲ. ನಾನೂ ಹೆಚ್ಚುವುದು ಬಿಡಲಿಲ್ಲ. ಒಂದು ಸಂಜೆ ನನಗೆ ನನ್ನ ಮೇಲೇ ರೇಗಿತು. ಇಡೀ ಸೇಬನ್ನು ತಟ್ಟೆಯಲ್ಲಿ ಇಟ್ಟುಬಿಟ್ಟೆ.

“ಚಾಕು ಎಲ್ಲಿ?”

“ಚಮಚದ ಜೊತೆಗಿದೆ.”

ಇವರು ಸೇಬನ್ನು ತಿರುಗಿಸಿ ತಿರುಗಿಸಿ ನೋಡಿದರು. ನೋಡಲಾಗದೆ ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ಎಷ್ಟು ಹೊತ್ತಾದರೂ ಸದ್ದೇ ಇಲ್ಲ. ಆಮೇಲೆ ಕರಕ್ ಎಂದಿತು.

ತಿರುಗಿದೆ. ಬಾಯ್ತುಂಬ ಅಗಿಯುತ್ತ ಇವರು ಸೇಬನ್ನು ನನ್ನತ್ತ ಚಾಚಿದ್ದರು. ಅದರ ಮೇಲೆ ಮುಂದಿನ ಹಲ್ಲುಗಳ ಗುರುತಿತ್ತು, ಒಂದೂ ತಪ್ಪದೆ.