ಸ್ಲಿರದ ಅಳತೆ

ಲೂರಿಕ್‌ನ ಮೂತಿ ಮತ್ತೆ ಕಿತ್ತುಹೋಗಿ ರಕ್ತ ಒಸರುತ್ತಿತ್ತು. ಅರಿಶಿನ ಹಚ್ಚಲು ಹೋದ ಪ್ರಸಾಜನ ಮೊಣಕಾಲಿಗೆ ಆ ಸಾಕಿದ ಉಡ ಬಾಲದಿಂದ ಒಂದು ಬಿಗಿಯಿತು.

"ಇನ್ನೂ ನಾಲ್ಕು ಹಾಕು ಅವರಿಗೆ," ಎಂದು ಉಡಕ್ಕೆ ಹೇಳಿದಳು ಬಾಗಿಲಲ್ಲಿ ನಿಂತ ಹೆಂಡತಿ ವಾರ್ಸಿ. "ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ. ನೀನಾದ್ರೂ ಹೇಳು."

ಆರು ವರ್ಷದ ಹಿಂದೆ ಹೊಳೆ ಉಕ್ಕಿ ಜಾವಾದ ಸೋಲೋ ಊರಿನ ಅಂಚಿನ ಆ ಓಣಿಗೆ ನೀರು ನುಗ್ಗಿದಾಗ, ಗೇಣುದ್ದದ ಉಡದ ಮರಿಯೊಂದು ಪ್ರಸಾಜನ ಕೋಳಿಬುಟ್ಟಿ ಹಿಡಿದುಕೊಂಡು ತೇಲಿಬಂದಿತ್ತು. ಉಡದ ಪಟ್ಟು ಅಂದರೆ ಪಟ್ಟೇ, ಬುಟ್ಟಿ ಬಿಡಲಿಲ್ಲ. ಅವನೂ ಅದನ್ನು ಬಿಡಲಿಲ್ಲ. ಮಾವಿನಹಣ್ಣಿನ ಪೆಟ್ಟಿಗೆಗಳನ್ನು ಜೋಡಿಸಿ, ಮುಂದೆ ತಂತಿಜಾಲರಿ ಹೊಡೆದು ಗೂಡು ಮಾಡಿದ. ಗೇಣುದ್ದದ ಮರಿಗೆ ಅದು ಅರಮನೆ. ಈಗಲೋ, ಬಾಲ ಮಡಚದೆ ಲೂರಿಕ್ ಮಗ್ಗುಲು ತಿರುಗುವಂತಿರಲಿಲ್ಲ. ಹಗಲೆಲ್ಲ ಜಾಲರಿಯಾಚೆಯ ಅಂಗಳ ನೋಡುತ್ತ ಮೂತಿ ತಿಕ್ಕುತ್ತಿತ್ತು. ತಿಕ್ಕಿ ತಿಕ್ಕಿ ಆ ಬೆಳಿಗ್ಗೆ ಜಾಲರಿ ಕಿತ್ತುಕೊಂಡು ಹೊರಗೆ ಬಂದು, ಪಕ್ಕದ ಮನೆಯ ತುಗಿಯೆಮ್‌ಳ ಎರಡು ಕೋಳಿ ನುಂಗಿಬಿಟ್ಟಿತ್ತು.

ತುಗಿಯೆಮ್ ಎಲ್ಲರೂ ಪಾ, ಅಂದರೆ ಅಪ್ಪ, ಎಂದು ಕರೆಯುವ ಓಣಿಯ ಹಿರಿಯ ದರ್ಮಾಜಿಯನ್ನು ಕರೆತಂದಳು. "ಸಂತೇಲಿ ಕೋಳಿ ಕೊಯ್ಯೋನು ಇವನು, ಮನೇಲಿ ಕೋಳಿ ತಿನ್ನೋದು ಅದು. ನಮ್ಮ ಕೋಳಿ ಬದುಕೋದು ಹೇಗೆ ಪಾ?"

ಪಾ ದರ್ಮಾಜಿ ಮೆಲುದನಿಯ ಮನುಷ್ಯ. ಆದರೆ ಆಡಿದ ಮಾತು ತಿರುಗಿಸುವವನಲ್ಲ. "ಇವತ್ತು ಪೋನ್ ದಿನದ ಸಂತೆ. ಮುಂದಿನ ಪೋನ್‌ಗೆ ಐದು ದಿನ ಇದೆ. ಅಷ್ಟರೊಳಗೆ ಭದ್ರವಾದ ಗೂಡು ಆಗ್ಬೇಕು. ಆಗ್ಲಿಲ್ಲ ಅಂದ್ರೆ ಸಾತೆ ಮಾರೋನಿಗೆ ಕೊಟ್ಬಿಡು."

ಚರ್ಮರೋಗಕ್ಕೆ ಮದ್ದೆಂದು ಉಡದ ಮಾಂಸವನ್ನು ಕಡ್ಡಿಗೆ ಚುಚ್ಚಿ ಸುಟ್ಟು ಮಾರುವ ಆ ಮನುಷ್ಯ ವರ್ಷದಿಂದ ಲೂರಿಕ್‌ನ ಮೇಲೆ ಕಣ್ಣಿಟ್ಟಿದ್ದ. ಪ್ರಸಾಜ ಜಾಲರಿಗೆ ಅಡ್ಡ ಹಲಗೆ ಬಡಿದು, ಅಂಗಿ ಹಾಕಿಕೊಂಡು, ನೇರ ಹಕ್ಕಿಗೂಡು ಹೆಣೆಯುವ ಸರಿಜೆಮ್ ಅಜ್ಜಿಯ ಮನೆಗೆ ಹೋದ.

ಇಲ್ಲೊಂದು ಮಾತು ಹೇಳಬೇಕು. ಜಾವಾದವರು ಓರಗೆಯವರ ಮುಂದೆ ಉಡವನ್ನು ನ್ಯಾಂಬಿಕ್ ಎನ್ನುತ್ತಾರೆ. ಹಿರಿಯರ ಮುಂದೆ ಆ ಮಾತು ಒರಟು. ಅಲ್ಲಿ ಅದು ಸ್ಲಿರ. ಮೈಗೂ ಮರ್ಯಾದೆಯ ಮಾತಿನಲ್ಲಿ ಸ್ಲಿರ ಎಂದೇ ಹೆಸರು. ನಮ್ಮ ಶರೀರವೇ ಕಡಲು ದಾಟಿ ಹೋಗಿ ಹಾಗಾಗಿದೆ. ಪ್ರಸಾಜ ಒರಟನಾದರೂ ತಾಯಿ ಕಲಿಸಿದ ಮರ್ಯಾದೆ ಮರೆತವನಲ್ಲ.

"ಮ್ಬಾಹ್," ಎಂದ, ಅಜ್ಜಿಯನ್ನು ಅಲ್ಲಿಯವರು ಕರೆಯುವಂತೆ ಕರೆದು, ಸೊಂಟ ಬಗ್ಗಿಸಿ, "ಒಂದು ಗೂಡು ಬೇಕಿತ್ತು. ಸ್ಲಿರಕ್ಕೆ ಸರಿಹೋಗೋ ಹಾಗೆ."

ಸರಿಜೆಮ್ ಬಿದಿರು ಸೀಳುವ ಕತ್ತಿಯನ್ನು ಕೆಳಗಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸ್ಲಿರಕ್ಕಾ? ಒಳಗೆ ಏನೇನು ಆಗ್ಬೇಕಪ್ಪ?"

"ಬಿಸಿಲು ಕಾಯ್ಬೇಕು, ಸಾಕಾದಾಗ ನೆರಳಿಗೆ ಸರೀಬೇಕು. ಮಣ್ಣೊಳಗೆ ಹೂತ್ಕೊಳ್ಳೋ ಅಷ್ಟು ಮಣ್ಣು ಬೇಕು. ಕತ್ತಿನವರೆಗೂ ನೀರಲ್ಲಿ ಮುಳುಗಿರೋಕೆ ತೊಟ್ಟಿ ಬೇಕು."

"ಎಷ್ಟು ಹೊತ್ತು ಮುಳುಗೋದು?"

"ಕೆಲವು ದಿನ ಮಧ್ಯಾಹ್ನ ಪೂರ್ತಿ, ಮ್ಬಾಹ್."

"ಊಟ?"

"ಎರಡು ದಿನಕ್ಕೊಮ್ಮೆ ಕೋಳಿತಲೆ, ಅಷ್ಟೇ."

"ಹೆಂಡ್ತಿ ಏನಂತಾಳೆ?"

"ಹತ್ರಾನೇ ಬರಲ್ಲ." ಅವನು ಕೈಮುಗಿದ. "ಮುಂದಿನ ಪೋನ್‌ಗೆ ಒಳಗೆ ಹೋಗ್ಲೇಬೇಕು ಮ್ಬಾಹ್. ಇಲ್ಲಾಂದ್ರೆ ಜೀವ ಉಳಿಯಲ್ಲ. ನಾಲ್ಕು ಕಡೆ, ಮೇಲೆ, ಕೆಳಗೆ, ಎಲ್ಲ ಭದ್ರವಾಗಿರ್ಲಿ."

ಅಜ್ಜಿ ಎದ್ದಳು. "ನೆಟ್ಟಗೆ ನಿಂತ್ಕೋ. ಕೈ ಮೇಲೆತ್ತು." ಅಂಗಾಲಿನಿಂದ ಎತ್ತಿದ ಬೆರಳ ತುದಿಯವರೆಗೆ ಬಿದಿರುಕಡ್ಡಿ ಹಿಡಿದು ಗುರುತು ಮಾಡಿದಳು. ಆಮೇಲೆ ಕೈ ಚಾಚಿಸಿ ಮಾರು ಅಳೆದಳು. ಮನೆ ಕಟ್ಟುವಾಗಲೂ ಯಜಮಾನನ ಮೈಯನ್ನೇ ಅಳತೆಗೋಲು ಮಾಡುವುದು ಅಲ್ಲಿನ ಹಳಬರ ಪದ್ಧತಿ. ಗೂಡಿಗೂ ಹಾಗೇ ಇರಬೇಕು ಅಂದುಕೊಂಡು ಪ್ರಸಾಜ ಗೊಂಬೆಯ ಹಾಗೆ ನಿಂತ.

ನಾಲ್ಕು ದಿನ ಅಜ್ಜಿಯ ಅಂಗಳದಲ್ಲಿ ಬಿದಿರಿನ ಸದ್ದು ನಿಲ್ಲಲಿಲ್ಲ. ಐದನೆಯ ಬೆಳಿಗ್ಗೆ ಅವಳ ಅಳಿಯಂದಿರು ಗೂಡಿನ ಬದಿಗಳನ್ನು ಹೊತ್ತು ತಂದು ಪ್ರಸಾಜನ ಹಿತ್ತಲಲ್ಲಿ ನಿಲ್ಲಿಸಿ ಕಟ್ಟತೊಡಗಿದರು. ಕಟ್ಟುತ್ತ ಹೋದಂತೆ ಪ್ರಸಾಜನ ಬಾಯಿ ತೆರೆಯುತ್ತ ಹೋಯಿತು. ಎರಡು ಮಾರು ಉದ್ದ, ಒಂದು ಮಾರು ಅಗಲ, ಕೈಯೆತ್ತಿ ನಿಂತರೂ ತಾಗದಷ್ಟು ಎತ್ತರ. ಹಿತ್ತಲಲ್ಲಿ ವಾರ್ಸಿ ಬಟ್ಟೆ ಒಣಹಾಕುವ ಜಾಗವೂ ಉಳಿಯಲಿಲ್ಲ.

"ನನಗೊಂದು ಅಡುಗೆಮನೆ ಕಟ್ಟಿಸು ಅಂತ ಹತ್ತು ವರ್ಷದಿಂದ ಬಾಯಿ ಬಡ್ಕೊಂಡೆ," ಎಂದಳು ವಾರ್ಸಿ. "ಮುಂದಿನ ಜನ್ಮದಲ್ಲಿ ಉಡ ಆಗಿ ಹುಟ್ತೀನಿ."

ಪ್ರಸಾಜ ಒಳಗೆ ಹೊಕ್ಕ. ಮೇಲೆ ಅರ್ಧಕ್ಕೆ ಹಂಚು, ಅರ್ಧಕ್ಕೆ ಬಿದಿರಿನ ಕಂಬಿ. ನೆಲಕ್ಕೆ ಹೆಬ್ಬಿದಿರು ಹಾಸಿ ಮೇಲೆ ಮೊಣಕಾಲುದ್ದ ಮಣ್ಣು. ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ. ಗೋಡೆ ತಲೆಮಟ್ಟದವರೆಗೆ ಬಿಗಿ ತಟ್ಟಿ. ಕಂಬಿಗಳು ಶುರುವಾಗುವುದು ಅದರ ಮೇಲೆ. ಒಂದು ಕಡೆ ಮನುಷ್ಯ ಕೂರುವಂಥ ಜಗಲಿ. ಬಾಗಿಲು ಹಾಕಿ ನೋಡಿದ.

"ಮ್ಬಾಹ್, ಅಗಳಿ ಒಳಗಡೆ ಇದೆಯಲ್ಲಾ!"

"ಮತ್ತೆಲ್ಲಿರ್ಬೇಕು? ತಪಸ್ಸಿಗೆ ಕೂತೋನನ್ನ ಹೊರಗಿಂದ ಕೂಡಿಹಾಕ್ತಾರಾ?"

"ಯಾರು ತಪಸ್ಸಿಗೆ ಕೂತೋರು?"

"ನೀನೇ ಅಲ್ವೇನೋ!" ಅಜ್ಜಿಗೆ ರೇಗಿತು. "ಸ್ಲಿರ ಅಂದೆ. ನೀರಲ್ಲಿ ಮುಳುಗ್ಬೇಕು ಅಂದೆ, ಮಣ್ಣಲ್ಲಿ ಹೂತ್ಕೋಬೇಕು ಅಂದೆ, ಎರಡು ದಿನಕ್ಕೊಂದೂಟ ಅಂದೆ. ನಮ್ಮ ತಾತನೂ ನೀರಲ್ಲಿ ಕೂತು ತಪಸ್ಸು ಮಾಡಿದೋನೇ. ಹರಕೆ ಹೊತ್ತೋನನ್ನ ಯಾಕೆ ಏನು ಅಂತ ಕೇಳ್ಬಾರ್ದು ಅಂತ ಬಾಯ್ಮುಚ್ಕೊಂಡಿದ್ದೆ. ಕೋಳಿತಲೆ ಒಂದು ಮಾತ್ರ ನಂಗೆ ಅರ್ಥ ಆಗ್ಲಿಲ್ಲ."

ವಾರ್ಸಿ ನಗು ತಡೆಯಲಾರದೆ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರವನ್ನು ಬಾಯಿಗೆ ತುರುಕಿಕೊಂಡು ನೆಲಕ್ಕೆ ಕುಸಿದಳು. ಪ್ರಸಾಜ ಅಜ್ಜಿಯ ಕೈ ಹಿಡಿದು ಹಳೆಯ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಜಾಲರಿಯಾಚೆ ಬಾಲ ಮಡಚಿ ಬಿದ್ದಿದ್ದ ಲೂರಿಕ್ ಸೀಳುನಾಲಗೆ ಚಾಚಿತು.

ಅಜ್ಜಿ ಬಗ್ಗಿ ನೋಡಿದಳು. "ಈ ಸ್ಲಿರಾನಾ," ಎಂದಳು. ಆಮೇಲೆ, "ಮೂತಿ ಏನಾಗಿದೆ ಇದಕ್ಕೆ?"

ಹೇಳಿಸಿಕೊಂಡು ಅಳಿಯನಿಗೆ ಕೈಮಾಡಿದಳು: "ಅಗಳಿ ಕಿತ್ತು ಹೊರಗೆ ಹಾಕೋ. ಎರಡು ಹಾಕು."

ಪಾ ದರ್ಮಾಜಿ, ತುಗಿಯೆಮ್ ಬರುವ ಹೊತ್ತಿಗೆ ಕೈಗೆ ಗೋಣಿಚೀಲ ಸುತ್ತಿಕೊಂಡು ಪ್ರಸಾಜ ಲೂರಿಕ್‌ನನ್ನು ಒಳಗೆ ಬಿಟ್ಟಿದ್ದ. ಪಾ ದರ್ಮಾಜಿ ಕಂಬ ಅಲುಗಿಸಿದ. ಅಗಳಿ ಎಳೆದ. ಬಗ್ಗಿ ಬುಡಕ್ಕೆ ಕೋಲು ತಿವಿದ. ಹೆಬ್ಬಿದಿರು ಠಣ್ ಎಂದಿತು. ತುಗಿಯೆಮ್ ಮಾತ್ರ ತಟ್ಟಿಯ ಸುತ್ತ ತಿರುಗಿ ತಿರುಗಿ ಗೊಣಗಿದಳು: "ಏನೂ ಕಾಣ್ಸೋದೇ ಇಲ್ವಲ್ಲ! ಇಷ್ಟೆತ್ತರಕ್ಕೆ ಯಾಕೆ ಮುಚ್ಚಿದ್ದೀರಿ?"

"ತಪಸ್ಸಿಗೆ ಕೂತೋರ ಕಣ್ಣು ಬೀದಿಗೆ ಹೋಗ್ಬಾರ್ದು ಅಂತ," ಎಂದಳು ಸರಿಜೆಮ್. "ನಿನಗೆ ಕಾಣ್ಸಲ್ಲ ಅಂದ್ರೆ ಅದಕ್ಕೂ ನಿನ್ನ ಕೋಳಿ ಕಾಣ್ಸಲ್ಲ ಕಣೇ."

 ಪ್ರಸಾಜ ಸಂತೆಯಿಂದ ಆರಿಸಿ ತಂದಿದ್ದ ಮೊಟ್ಟೆ ಇಡುವ ಎರಡು ಕೋಳಿಗಳನ್ನು ತುಗಿಯೆಮ್‌ಳ ಕೈಗಿಟ್ಟ. ಅವಳು ರೆಕ್ಕೆ ಎತ್ತಿ ಪರೀಕ್ಷಿಸಿ, "ನನ್ನವು ಇದಕ್ಕಿಂತ ದಪ್ಪ ಇದ್ವು," ಎಂದು ಹೇಳಿ ಕಂಕುಳಿಗೆ ಸಿಕ್ಕಿಸಿಕೊಂಡಳು.

"ಇರ್ಲಿ ಬಿಡು," ಎಂದ ಪಾ ದರ್ಮಾಜಿ. "ಇಲ್ಲೇ ಇರ್ಲಿ."

ಅವರಿಬ್ಬರೂ ಹೋದ ಮೇಲೆ ಪ್ರಸಾಜ ಒಳಗೆ ಹೋಗಿ ಜಗಲಿಯ ಮೇಲೆ ಕುಳಿತ. ಅಳತೆ ಸರಿಯಾಗಿತ್ತು. ಲೂರಿಕ್ ಗೋಡೆಯ ನಾಲ್ಕೂ ಮಗ್ಗುಲು ಮೂಸಿತು. ತಟ್ಟಿಯಾಚೆ ಏನೂ ಕಾಣದೆ, ಮೂತಿ ತಿಕ್ಕದೆ ತಿರುಗಿತು. ತೊಟ್ಟಿಗಿಳಿದು ಕಣ್ಣು ಮಾತ್ರ ಮೇಲಿಟ್ಟುಕೊಂಡು ಮುಳುಗಿತು.

"ವಾರ್ಸಿ, ಹೊರಗಿನ ಅಗಳಿ ಹಾಕ್ಬಿಡ್ಲಾ?" ಎಂದಳು ಅಜ್ಜಿ.

"ಎರಡೂ ಹಾಕಿ ಮ್ಬಾಹ್."

ಪ್ರಸಾಜನಿಗೆ ಕೇಳಿಸಲಿಲ್ಲ. ಲೂರಿಕ್ ನೀರಿನಿಂದೆದ್ದು ಬಿಸಿಲು ಬಿದ್ದ ಮಣ್ಣಿನ ಮೇಲೆ ಹೊಟ್ಟೆ ಹಾಕಿ ಮಲಗಿತ್ತು. ಅವನು ಅದರ ಬಾಲವನ್ನೇ ನೋಡುತ್ತಿದ್ದ. ಎಷ್ಟೋ ವರ್ಷದ ಮೇಲೆ ಬಾಲ ನೆಟ್ಟಗೆ ಚಾಚಿಕೊಂಡಿತ್ತು, ತುದಿಯವರೆಗೂ.